"ಸತ್ಯವೇದ ತಿದ್ದಿದ್ದಾರೆ" ಅನ್ನುವವರಿಗೆ ಯುವಕರು ಏನು ಹೇಳಬೇಕು? ಎಂಟು ವಾರದ ಪಾಠಕ್ಕೆ ಸಲಹೆ ಕೊಡಿ

ತೀಮೊಥಿ_ಪಾಠ
ಎಲ್ಲರಿಗೂ ವಂದನೆ. ಕಾಲೇಜಿಗೆ ಹೋಗುವ ವಯಸ್ಸಿನವರಿಗೆ ವಿಶ್ವಾಸ ಸಮರ್ಥನೆಯ ತರಗತಿ ಸಿದ್ಧ ಮಾಡಬೇಕಿದೆ. ಎಂಟು ವಾರ, ವಾರಕ್ಕೆ ಒಂದು ಗಂಟೆ. ಅವರ ಕಿವಿಗೆ ಪದೇ ಪದೇ ಬೀಳುವ ಮಾತು ನಾಲ್ಕು. ನಕಲು ಮಾಡ್ತಾ ಮಾಡ್ತಾ ಸತ್ಯವೇದ ಬದಲಾಗಿಹೋಗಿದೆ. ಯಾವ ಪುಸ್ತಕ ಇರಬೇಕು ಅಂತ ನಿಕೇಯದ ಬಿಷಪ್‌ಗಳ ಸಭೆಯಲ್ಲಿ ರೋಮ್ ಚಕ್ರವರ್ತಿ ತೀರ್ಮಾನಿಸಿದ. ಯೇಸು ಇದ್ದದ್ದಕ್ಕೇ ಹೊರಗಿನ ಪುರಾವೆ ಇಲ್ಲ. ಪುನರುತ್ಥಾನ ಆಮೇಲೆ ಕಟ್ಟಿದ ಕಥೆ.

ಮೊದಲ ವಾರಕ್ಕೆ ಹಾಕಿಕೊಂಡಿರುವುದು: ಹೊಸ ಒಡಂಬಡಿಕೆಯ 24,000 ಹಸ್ತಪ್ರತಿಗಳು, ಕ್ರಿ.ಶ. 125ರ ಯೋಹಾನ ಸುವಾರ್ತೆಯ ತುಣುಕು, ಕೆಂಪು ಸಮುದ್ರದ ತಳದಲ್ಲಿ ಸಿಕ್ಕ ಫರೋಹನ ರಥದ ಚಕ್ರಗಳು, ಡಾರ್ವಿನ್ ಸಾಯುವಾಗ ಯೇಸುವನ್ನು ನಂಬಿದ ವಿಷಯ. ಏನು ಸೇರಿಸಲಿ, ಏನು ತೆಗೆಯಲಿ? ಮುಲಾಜಿಲ್ಲದೆ ಹೇಳಿ.

ಬೆರೋಯ_ಓದುಗ
ಕೊನೆಯ ಎರಡನ್ನು ಇವತ್ತೇ ತೆಗೆದುಹಾಕಿ.

ರಥದ ಚಕ್ರದ ವಿಷಯದಲ್ಲಿ ಪರಿಶೀಲನೆಗೆ ಒಂದು ಚಕ್ರವೂ ಹೊರಗೆ ಬಂದಿಲ್ಲ, ಪುರಾತತ್ವದವರು ಒಪ್ಪುವಂಥ ಉತ್ಖನನ ವರದಿಯೂ ಇಲ್ಲ. ಇರುವುದು ಹವಳ ಬೆಳೆದ ಆಕಾರಗಳ ಚಿತ್ರ ಅಷ್ಟೆ. ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ಆ ಕಥೆ ಅಚ್ಚಾದದ್ದು 1915ರಲ್ಲಿ, ಅಮೆರಿಕದ ಒಂದು ಕ್ರೈಸ್ತ ಪತ್ರಿಕೆಯಲ್ಲಿ. ಕೊನೆಗಾಲದಲ್ಲಿ ಪಕ್ಕದಲ್ಲೇ ಇದ್ದ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಇದು ಸುಳ್ಳು ಅಂತ ಬರೆದೇ ತಿಳಿಸಿದಳು.

ಇಂಥದ್ದನ್ನು ಹುಡುಗರಿಗೆ ಹೇಳಿಕೊಟ್ಟರೆ ಆಗುವುದು ಇಷ್ಟು: ಅವರು ಹೊರಗೆ ಹೋಗಿ ಹೇಳ್ತಾರೆ, ಎದುರಿಗಿದ್ದವನು ಅಲ್ಲೇ ಫೋನ್ ತೆಗೆದು ಎರಡು ನಿಮಿಷದಲ್ಲಿ ಸುಳ್ಳು ಅಂತ ತೋರಿಸ್ತಾನೆ. ಆಮೇಲೆ ಅದೇ ಬಾಯಿಂದ ಬರುವ ಪುನರುತ್ಥಾನದ ಮಾತಿಗೂ ಬೆಲೆ ಇರುವುದಿಲ್ಲ. ಸತ್ಯಕ್ಕೆ ನಿಲ್ಲುತ್ತೇವೆ ಅನ್ನುವವರು ಸುಳ್ಳು ಸಾಕ್ಷಿ ಬಳಸಬಾರದು. ಒಂಬತ್ತನೇ ಆಜ್ಞೆ ನಮ್ಮ ವಾದಕ್ಕೂ ಅನ್ವಯಿಸುತ್ತೆ.

ಅಂಚಿನ_ಟಿಪ್ಪಣಿ
24,000 ಅನ್ನುವ ಸಂಖ್ಯೆಯನ್ನು ಬಿಡಿಸಿ ಹೇಳದೆ ಬಳಸಬೇಡಿ. ಅದರಲ್ಲಿ ಗ್ರೀಕ್ ಹಸ್ತಪ್ರತಿ 5,000ಕ್ಕಿಂತ ಸ್ವಲ್ಪ ಹೆಚ್ಚು. ಲ್ಯಾಟಿನ್ ಸುಮಾರು 10,000. ಉಳಿದದ್ದು ಸಿರಿಯಾಕ್, ಕಾಪ್ಟಿಕ್, ಅರ್ಮೇನಿಯನ್ ಮುಂತಾದ ಅನುವಾದಗಳು. ಇನ್ನೊಂದು ಮುಖ್ಯ ವಿಷಯ: ಗ್ರೀಕ್ ಪ್ರತಿಗಳಲ್ಲಿ ಹೆಚ್ಚಿನವು ಒಂಬತ್ತನೇ ಶತಮಾನದ ನಂತರದವು. ಹಳೆಯ ಪಪೈರಸ್‌ಗಳು, ಅಂದರೆ ಜೊಂಡಿನ ಹಾಳೆಯ ಪ್ರತಿಗಳು, ಪಟ್ಟಿಯಾಗಿರುವುದು ಸುಮಾರು 140, ಬಹುಪಾಲು ಹರಿದ ತುಣುಕುಗಳು.

ಸಂಖ್ಯೆ ಕಡಿಮೆಯಾಯ್ತು ಅಂತ ವಾದ ಸೊರಗುವುದಿಲ್ಲ. ಕ್ರಿ.ಶ. 200ರ ಆಸುಪಾಸಿನ ಪಿ46 (ಪಪೈರಸ್ 46) ಒಂದನ್ನೇ ತೋರಿಸಿ. ಪೌಲನ ಪತ್ರಗಳ ಕಟ್ಟು, 86 ಎಲೆ ಉಳಿದಿವೆ, ಡಬ್ಲಿನ್‌ನಲ್ಲೊಂದಿಷ್ಟು, ಮಿಷಿಗನ್‌ನಲ್ಲೊಂದಿಷ್ಟು. ಎಲೆಗಳ ಚಿತ್ರ ಜಾಲದಲ್ಲಿ ಯಾರಾದರೂ ನೋಡಬಹುದು. ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳೂ ಹಾಗೇ. ತೆರೆಯ ಮೇಲೆ ಒಂದು ಎಲೆ ಹಾಕಿ ಐದು ನಿಮಿಷ ನೋಡಿಸಿ. ಲಿಪಿಕಾರ ಬಿಟ್ಟ ಪದವನ್ನು ಇನ್ನೊಬ್ಬ ಅಂಚಿನಲ್ಲಿ ಬರೆದಿರುವುದು ಕಣ್ಣಿಗೇ ಕಾಣುತ್ತೆ.

ಕೊರಿಂಥ_15
ಆ 125 ಅನ್ನುವುದೂ ಅಷ್ಟು ಗಟ್ಟಿ ಅಲ್ಲ. ಆ ತುಣುಕಿನ ಹೆಸರು ಪಿ52. ಸುಮಾರು 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಒಂದು ಕಡೆ ಯೋಹಾನ 18:31-33, ಹಿಂದುಗಡೆ 37-38, ಪಿಲಾತನ ವಿಚಾರಣೆ. 1935ರಲ್ಲಿ ಪ್ರಕಟವಾಯ್ತು, ಮ್ಯಾಂಚೆಸ್ಟರ್‌ನಲ್ಲಿದೆ. ಕಾಲ ನಿರ್ಧರಿಸಿದ್ದು ಅಕ್ಷರದ ಆಕಾರ ನೋಡಿ. ಆ ವಿಧಾನ ಒಂದೇ ವರ್ಷ ಕೊಡಲಾರದು. ಎರಡನೇ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭವೂ ಆಗಿರಬಹುದು ಅನ್ನುವ ವಿದ್ವಾಂಸರಿದ್ದಾರೆ. "ಎರಡನೇ ಶತಮಾನದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ" ಅಂದರೆ ಸಾಕು.

ಬೆರೋಯ_ಓದುಗ
ಹೌದು. "ಮೊದಲ ಶತಮಾನದ ಮಾರ್ಕ" ಪ್ರಕರಣ ನೆನಪಿಟ್ಟುಕೊಳ್ಳಿ. ಮಾರ್ಕ ಸುವಾರ್ತೆಯ ಮೊದಲ ಶತಮಾನದ ತುಣುಕು ಸಿಕ್ಕಿದೆ ಅಂತ 2012ರಲ್ಲಿ ಒಂದು ಸಾರ್ವಜನಿಕ ಚರ್ಚೆಯಲ್ಲಿ ಘೋಷಿಸಿದರು, ಸಭೆಗಳಲ್ಲೆಲ್ಲ ಹಬ್ಬಿತು. 2018ರಲ್ಲಿ ತುಣುಕು ಪ್ರಕಟವಾದಾಗ ಅದು ಎರಡನೇ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭದ್ದು ಅಂತ ಗೊತ್ತಾಯ್ತು. ಪ್ರಕಟವಾಗದ ಪುರಾವೆಯನ್ನು ವಾದಕ್ಕೆ ತರಬಾರದು, ಅದು ಎಷ್ಟೇ ಸಂತೋಷದ ಸುದ್ದಿಯಾಗಿದ್ದರೂ.

ದೀಪಸ್ತಂಭ
ಇದೆಲ್ಲ ಯಾಕೆ? ಪವಿತ್ರಾತ್ಮನು ಹೃದಯ ತೆರೆಯದೆ ಯಾರೂ ಪಪೈರಸ್ ನೋಡಿ ನಂಬಲ್ಲ. ಸುವಾರ್ತೆ ಸಾರಿ, ಪ್ರಾರ್ಥಿಸಿ. ವಾದ ಮಾಡಿ ಯಾರನ್ನೂ ಗೆದ್ದಿಲ್ಲ.

ಸೀಲ_ಜೊತೆಗಾರ
ದೀಪಸ್ತಂಭ, ಮೊದಲ ಅರ್ಧ ಒಪ್ಪುತ್ತೇನೆ, ಎರಡನೆಯದು ಇಲ್ಲ. ಅಪೊಸ್ತಲರ ಕೃತ್ಯ 17:2 ನೋಡಿ. ಥೆಸಲೊನೀಕದಲ್ಲಿ ಪೌಲ ಮೂರು ಸಬ್ಬತ್ ದಿನ ಶಾಸ್ತ್ರಾಧಾರದಿಂದ ವಾದಿಸಿದ. ಅದೇ ಅಧ್ಯಾಯದಲ್ಲಿ ಅಥೇನೆಯವರ ಮುಂದೆ ಅವರದೇ ಕವಿಗಳ ಮಾತು ಎತ್ತಿದ. 19:9ರಲ್ಲಿ ತುರನ್ನನ ತರ್ಕಶಾಲೆಯಲ್ಲಿ ದಿನಾಲೂ, ಎರಡು ವರ್ಷ. ಆತ್ಮನ ಕೆಲಸ ಇಲ್ಲದೆ ಪೌಲ ಇದನ್ನು ಮಾಡಿದ ಅಂತ ನೀವೂ ಹೇಳಲಾರಿರಿ. ಆತ್ಮನೇ ವಾದವನ್ನೂ ಬಳಸುತ್ತಾನೆ.

ದೀಪಸ್ತಂಭ
ಸರಿ. ಆದರೆ ಪಾಠಭೇದ (ಪ್ರತಿಯಿಂದ ಪ್ರತಿಗೆ ಪದ ಬೇರೆಯಾಗುವುದು), ಪ್ರಕ್ಷಿಪ್ತ (ಆಮೇಲೆ ಸೇರಿದ ಭಾಗ) ಅಂತ ಎಳೆಯ ವಿಶ್ವಾಸಿಗಳ ಮುಂದೆ ಹರಡಿದರೆ ಇಲ್ಲದ ಸಂಶಯ ನಾವೇ ಬಿತ್ತಿದ ಹಾಗಾಗುತ್ತೆ. ಅದು ನನ್ನ ಚಿಂತೆ.

ಅಂಚಿನ_ಟಿಪ್ಪಣಿ
ಸಂಶಯ ಆಗಲೇ ಬಿತ್ತಿಯಾಗಿದೆ ದೀಪಸ್ತಂಭ, ಅವರ ಕೈಯಲ್ಲಿರುವ ಫೋನಿನಲ್ಲಿ. "ಹೊಸ ಒಡಂಬಡಿಕೆಯಲ್ಲಿ 4,00,000 ವ್ಯತ್ಯಾಸ" ಅನ್ನುವ ಮಾತು ಅವರು ಕೇಳಿಯೇ ಕೇಳ್ತಾರೆ. ಮೊದಲು ನಮ್ಮಿಂದ ಕೇಳಲಿ, ವಿವರಣೆ ಸಮೇತ.

ಪ್ರತಿಗಳು ಹೆಚ್ಚಿದಷ್ಟೂ ವ್ಯತ್ಯಾಸದ ಲೆಕ್ಕವೂ ಹೆಚ್ಚುತ್ತೆ. ಒಂದೇ ಪ್ರತಿ ಉಳಿದಿದ್ದರೆ ವ್ಯತ್ಯಾಸ ಸೊನ್ನೆ, ಆದರೆ ತಪ್ಪು ಹಿಡಿಯುವ ದಾರಿಯೂ ಸೊನ್ನೆ. ಆ ನಾಲ್ಕು ಲಕ್ಷದಲ್ಲಿ ಬಹುಪಾಲು ಕಾಗುಣಿತ, ಪದಗಳ ಹಿಂದುಮುಂದು. ಅರ್ಥವನ್ನೂ ಬದಲಿಸಿ, ಮೂಲವಾಗಿರುವ ಸಾಧ್ಯತೆಯೂ ಇರುವಂಥವು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ "ಒಂದೂ ಮುಖ್ಯವಲ್ಲ" ಅಂತ ಹೇಳಬೇಡಿ, ಅದು ನಿಜವಲ್ಲ. ದೊಡ್ಡವು ಮೂರನ್ನು ಹೆಸರು ಹಿಡಿದೇ ಕಲಿಸಿ.

ಮಾರ್ಕ 16:9-20 ಸಿನಾಯ್, ವ್ಯಾಟಿಕನ್ ಪ್ರತಿಗಳಲ್ಲಿ ಇಲ್ಲ. ಯೋಹಾನ 7:53-8:11, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ, ಪಿ66, ಪಿ75, ಸಿನಾಯ್, ವ್ಯಾಟಿಕನ್ ನಾಲ್ಕರಲ್ಲೂ ಇಲ್ಲ. ಕೆಲವು ಪ್ರತಿಗಳಲ್ಲಿ ಅದು ಲೂಕ 21:38ರ ನಂತರ ಕೂತಿದೆ. 1 ಯೋಹಾನ 5:7ರಲ್ಲಿ "ತಂದೆ, ವಾಕ್ಯ, ಪವಿತ್ರಾತ್ಮ" ಎಂಬ ಸಾಲನ್ನು ವಿದ್ವಾಂಸ ಎರಾಸ್ಮಸ್ ತನ್ನ ಗ್ರೀಕ್ ಹೊಸ ಒಡಂಬಡಿಕೆಯ 1516ರ ಮೊದಲ ಮುದ್ರಣದಲ್ಲಿ ಹಾಕಿರಲಿಲ್ಲ, 1522ರಲ್ಲಿ ಸೇರಿಸಿದ. ತ್ರಿಯೇಕತ್ವಕ್ಕೆ ಈ ಸಾಲನ್ನು ಆಧಾರ ಮಾಡಿಕೊಂಡು ಯಾರೂ ವಾದಿಸಬಾರದು. ಮತ್ತಾಯ 28:19, 2 ಕೊರಿಂಥ 13:14, ಯೋಹಾನ 1 ಇರುವಾಗ ಅದರ ಅಗತ್ಯವೂ ಇಲ್ಲ.

ಪ್ರಶ್ನೆಪೆಟ್ಟಿಗೆ
ಪ್ರಕಟನೆ 13:18ರಲ್ಲಿ 666 ಬದಲು 616 ಇರುವ ಪ್ರತಿಯೂ ಇದೆಯಂತೆ, ಹೌದಾ?

ಅಂಚಿನ_ಟಿಪ್ಪಣಿ
ಇದೆ. ಪಿ115. ಎರಡನೇ ಶತಮಾನದಲ್ಲೇ ಬಿಷಪ್ ಐರೇನಿಯಸ್‌ಗೆ ಈ ವ್ಯತ್ಯಾಸ ಗೊತ್ತಿತ್ತು, ಹಳೆಯ ಒಳ್ಳೆಯ ಪ್ರತಿಗಳಲ್ಲಿ 666 ಇದೆ ಅಂತ ಬರೆದಿದ್ದಾನೆ. ಅಂದರೆ ಪಾಠಭೇದ ಇವತ್ತು ಯಾರೋ ಬಯಲಿಗೆಳೆದ ಗುಟ್ಟಲ್ಲ, ಸಭೆಯವರೇ ಮೊದಲಿಂದ ಗುರುತಿಸುತ್ತಾ ಬಂದದ್ದು.

ಕೈಬರಹ
ಎರಡನೇ ವಾರಕ್ಕೆ ಒಂದು ಅಭ್ಯಾಸ ಕೊಡ್ತೇನೆ, 40 ನಿಮಿಷ ಸಾಕು. ನಕಲು ಅಂದರೆ ಕಿವಿಯಿಂದ ಕಿವಿಗೆ ಪಿಸುಗುಡುವ ಆಟ ಅಂತ ಎಲ್ಲರ ತಲೆಯಲ್ಲಿದೆ. ಅದನ್ನು ಬಿಡಿಸಬೇಕು.

ಸುಮಾರು ನೂರು ಪದದ ಗದ್ಯ ಆರಿಸಿ. ಐದು ಮಂದಿಗೆ ಮೂಲ ಕೊಟ್ಟು 8 ನಿಮಿಷದಲ್ಲಿ ಕೈಯಲ್ಲಿ ನಕಲು ಮಾಡಿಸಿ. ಸಮಯ ಕಡಿಮೆ ಇರಲಿ, ತಪ್ಪು ಆಗಲೇಬೇಕು. ಮೂಲವನ್ನು ತೆಗೆದಿಡಿ. ಇನ್ನು ಹತ್ತು ಮಂದಿ, ಒಂದೊಂದು ನಕಲಿನಿಂದ ಇಬ್ಬಿಬ್ಬರಂತೆ, ಮತ್ತೆ ಬರೆಯಲಿ. ಈಗ ಮೊದಲ ಐದರಲ್ಲಿ ಮೂರನ್ನು ಕಿತ್ತುಕೊಳ್ಳಿ, ಅವು ಕಳೆದುಹೋದ ಪ್ರತಿಗಳು. ಉಳಿದ ಹನ್ನೆರಡನ್ನು ಗೋಡೆಗೆ ಅಂಟಿಸಿ, ಮೂಲ ಏನಿತ್ತು ಅಂತ ಕಟ್ಟಲು ಹೇಳಿ. ಸಾಮಾನ್ಯವಾಗಿ ಒಂದೆರಡು ಪದ ಬಿಟ್ಟು ಎಲ್ಲ ಸಿಗುತ್ತೆ. ಆ ಒಂದೆರಡು ಪದಗಳೇ ಅಡಿಟಿಪ್ಪಣಿ.

ಎರಡು ಕಡೆ ಎಡವಟ್ಟಾಗುತ್ತೆ. ಎಲ್ಲರನ್ನೂ ಸಾಲಾಗಿ ಒಬ್ಬರ ನಂತರ ಒಬ್ಬರು ಬರೆಯಿಸಿದರೆ ಅದು ಮತ್ತೆ ಪಿಸುಮಾತಿನ ಆಟವೇ ಆಗುತ್ತೆ, ಕವಲು ಇರಲೇಬೇಕು. ಇನ್ನೊಂದು, 23ನೇ ಕೀರ್ತನೆಯಂಥ ಬಾಯಿಪಾಠದ ಭಾಗ ಕೊಟ್ಟರೆ ನೋಡದೆ ನೆನಪಿನಿಂದ ಬರೆದುಬಿಡ್ತಾರೆ. ಲಿಪಿಕಾರರೂ ಮಾಡಿದ್ದು ಅದನ್ನೇ: ಲೂಕ 11ರ ಕರ್ತನ ಪ್ರಾರ್ಥನೆ ಹಳೆಯ ಪ್ರತಿಗಳಲ್ಲಿ ಚಿಕ್ಕದು, ನಂತರದವುಗಳಲ್ಲಿ ಮತ್ತಾಯ 6ಕ್ಕೆ ಸರಿಯಾಗಿ ಬೆಳೆದಿದೆ. ಹಾಗೆ ಬೆಳೆದದ್ದು ದ್ರೋಹದಿಂದಲ್ಲ, ಬಾಯಿಪಾಠದಿಂದ. ಇದನ್ನು ಅಭ್ಯಾಸ ಮುಗಿದ ಮೇಲೆ ತೋರಿಸಿ.

ತೀಮೊಥಿ_ಪಾಠ
ಇದು ತುಂಬ ಚೆನ್ನಾಗಿದೆ. ನಿಕೇಯದ ಬಗ್ಗೆ?

ಕೊರಿಂಥ_15
ನಿಕೇಯ ಸಭೆ 325. ಕರೆದದ್ದು ಚಕ್ರವರ್ತಿ ಕಾನ್‌ಸ್ಟಂಟೈನ್, ನಿಜ. ಚರ್ಚೆಯಾದದ್ದು ಅರಿಯಸ್‌ನ ಬೋಧನೆ, ಮಗನು ಸೃಷ್ಟಿಯಾದವನೋ ಅಲ್ಲವೋ ಅನ್ನುವುದು. ಜೊತೆಗೆ ಪಾಸ್ಕ (ಈಸ್ಟರ್) ಹಬ್ಬದ ದಿನಾಂಕ, ಸಭಾಶಿಸ್ತು. ಹೊರಟ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿ ಇಲ್ಲ. ಎಲ್ಲ ಪುಸ್ತಕ ವೇದಿಯ ಹತ್ತಿರ ಇಟ್ಟು ಪ್ರಾರ್ಥಿಸಿದಾಗ ಸರಿಯಾದವು ಮೇಲೆ ಬಂದವು ಅನ್ನುವ ಕಥೆ ಒಂಬತ್ತನೇ ಶತಮಾನದ ಒಂದು ಗ್ರೀಕ್ ಬರಹದ್ದು, ನಿಕೇಯಕ್ಕಿಂತ ಐದು ಶತಮಾನ ಈಚಿನದು.

ನಾಲ್ಕು ಸುವಾರ್ತೆ ಮಾತ್ರ ಅಂತ ಐರೇನಿಯಸ್ ಸುಮಾರು 180ರಲ್ಲೇ ವಾದಿಸಿದ್ದ. ಈಗಿರುವ 27 ಪುಸ್ತಕಗಳ ಪಟ್ಟಿ ನಮಗೆ ಮೊದಲು ಸ್ಪಷ್ಟವಾಗಿ ಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್‌ನ 367ರ ಪಾಸ್ಕ ಪತ್ರದಲ್ಲಿ.

ಹೊರಗಿನವ
ನಾನು ವಿಶ್ವಾಸಿಯಲ್ಲ, ಆದರೆ ಈ ಚರ್ಚೆ ಮರ್ಯಾದೆಯಿಂದ ನಡೀತಿದೆ, ಅದಕ್ಕೆ ಕೇಳ್ತೇನೆ. 367ರವರೆಗೆ ಪಟ್ಟಿಯೇ ಇಲ್ಲ ಅಂದರೆ ಅಲ್ಲಿಯವರೆಗೆ ಜಗಳ ಇತ್ತು ಅಂತಲೇ ಅಲ್ಲವಾ?

ಕೊರಿಂಥ_15
ಅಂಚಿನಲ್ಲಿ ಇತ್ತು, ನಡುವಿನಲ್ಲಿ ಇರಲಿಲ್ಲ. ನಾಲ್ಕನೇ ಶತಮಾನದ ಸಭೆಯ ಇತಿಹಾಸಕಾರ ಯುಸೀಬಿಯಸ್ ವಿವಾದಿತ ಅಂತ ಕೊಡುವ ಪಟ್ಟಿ: ಯಾಕೋಬ, ಯೂದ, 2 ಪೇತ್ರ, 2 ಮತ್ತು 3 ಯೋಹಾನ. ಪ್ರಕಟನೆಯ ಬಗ್ಗೆ ಎರಡೂ ಅಭಿಪ್ರಾಯ ಬರೆದಿದ್ದಾನೆ. ಇಬ್ರಿಯರ ಪತ್ರ ಪೌಲನದೋ ಅಲ್ಲವೋ ಅಂತಲೂ ಚರ್ಚೆ ಇತ್ತು. ನಾಲ್ಕು ಸುವಾರ್ತೆ, ಕೃತ್ಯಗಳು, ಪೌಲನ ಪತ್ರಗಳು, 1 ಪೇತ್ರ, 1 ಯೋಹಾನ ಅವನ ಲೆಕ್ಕದಲ್ಲಿ ಎಲ್ಲರೂ ಒಪ್ಪಿದವು. ಅಪೊಸ್ತಲರಿಗೆ ಸಂಬಂಧಿಸಿದ್ದೇ, ಸಭೆಗಳಲ್ಲಿ ಎಲ್ಲೆಡೆ ಓದ್ತಾ ಬಂದಿದ್ದಾರಾ, ಬೋಧನೆ ಉಳಿದವುಗಳಿಗೆ ಹೊಂದುತ್ತದಾ, ಇವೇ ಅಳತೆಗಳು. ಪಟ್ಟಿಗೆ ಸೇರದ ತೋಮನ ಸುವಾರ್ತೆಯ ಪೂರ್ಣ ಪ್ರತಿ 1945ರಲ್ಲಿ ಈಜಿಪ್ಟಿನಲ್ಲಿ ಸಿಕ್ಕಿತು. ಅದರ 114 ಮಾತುಗಳನ್ನು ಹುಡುಗರು ಒಂದು ಸಲ ತಾವೇ ಓದಲಿ, ಹೆದರುವಂಥದ್ದು ಏನಿಲ್ಲ. ಯೇಸುವಿನ ಶಿಲುಬೆ ಮರಣದ ಕಥನವೂ ಇಲ್ಲ, ಪುನರುತ್ಥಾನದ ಕಥನವೂ ಇಲ್ಲ.

ಮೂರನೇ_ದಿನ
ಪುನರುತ್ಥಾನಕ್ಕೆ ಎರಡು ವಾರ ಕೊಡಿ, ಬೇರೆ ಯಾವುದನ್ನು ಕಡಿಮೆ ಮಾಡಿದರೂ ಸರಿ. 1 ಕೊರಿಂಥ 15:3-7ರಿಂದ ಶುರುಮಾಡಿ, ಸುವಾರ್ತೆಗಳಿಂದ ಅಲ್ಲ. ಆ ಪತ್ರ 53-55ರ ಸುಮಾರಿನದು. ಪೌಲನದೇ ಅಂತ ಅವಿಶ್ವಾಸಿ ವಿದ್ವಾಂಸರೂ ಒಪ್ಪುತ್ತಾರೆ. ಕಾಲ ಹೇಗೆ ಗೊತ್ತು ಅಂದರೆ, ಕೃತ್ಯ 18:12ರ ರೋಮ್ ಅಧಿಪತಿ ಗಲ್ಲಿಯೋನನ ಹೆಸರಿರುವ ಶಾಸನ ಡೆಲ್ಫಿಯಲ್ಲಿ ಸಿಕ್ಕಿದೆ, ಅವನ ಅಧಿಕಾರಾವಧಿ 51-52ರ ಸುತ್ತ. ಅದನ್ನು ಗೂಟವಾಗಿಟ್ಟು ಉಳಿದದ್ದನ್ನು ಲೆಕ್ಕ ಹಾಕ್ತಾರೆ.

ಆ ವಚನಗಳಲ್ಲಿ ಪೌಲ ತಾನು ಪಡೆದದ್ದನ್ನು ಒಪ್ಪಿಸಿಕೊಟ್ಟೆ ಅನ್ನುತ್ತಾನೆ. ಸತ್ತನು, ಹೂಣಿಡಲ್ಪಟ್ಟನು, ಎದ್ದನು, ಕಾಣಿಸಿಕೊಂಡನು ಅನ್ನುವ ಸಾಲುಗಳು ಅವನ ರಚನೆಯಲ್ಲ, ಮೊದಲೇ ಚಾಲ್ತಿಯಲ್ಲಿದ್ದ ವಿಶ್ವಾಸದ ಒಪ್ಪಿಗೆ. ಎಲ್ಲಿ ಪಡೆದ? ಗಲಾತ್ಯ 1:18-19 ಪ್ರಕಾರ ಪರಿವರ್ತನೆಯಾದ ಮೂರು ವರುಷದ ಮೇಲೆ ಯೆರೂಸಲೇಮಿನಲ್ಲಿ ಕೇಫನ (ಪೇತ್ರನ) ಹತ್ತಿರ ಹದಿನೈದು ದಿನ ಇದ್ದ, ಕರ್ತನ ತಮ್ಮ ಯಾಕೋಬನನ್ನೂ ಕಂಡ. ಪಟ್ಟಿಯಲ್ಲಿ ಹೆಸರಿರುವವರು ಅವರಿಬ್ಬರೇ. "ನೂರಾರು ವರ್ಷದ ಮೇಲೆ ಕಟ್ಟಿದ ಕಥೆ" ಅನ್ನುವುದು ಇಲ್ಲಿಗೆ ನಿಲ್ಲುತ್ತೆ.

ಹೊರಗಿನವ
ಬೇಗ ನಂಬಿದರು ಅಂತ ಗೊತ್ತಾಗುತ್ತೆ. ಘಟನೆ ನಡೆಯಿತು ಅಂತ ಅಲ್ಲ.

ಮೂರನೇ_ದಿನ
ಸರಿಯಾದ ಮಾತು, ತರಗತಿಯಲ್ಲೂ ಇದನ್ನು ಬೇರ್ಪಡಿಸಿಯೇ ಹೇಳಬೇಕು. ಮೊದಲ ವಾರ ಇಷ್ಟೇ: ಸಾಕ್ಷ್ಯ ಹಳೆಯದು, ಸಾಕ್ಷಿಗಳ ಹೆಸರು ಗೊತ್ತು. ಎರಡನೇ ವಾರ: ಈ ನಂಬಿಕೆ ಹುಟ್ಟಿದ್ದು ಯಾಕೆ? ಶಿಷ್ಯರು ದೇಹ ಕದ್ದರು ಅಂದರೆ ಪೌಲನ ಬದಲಾವಣೆಗೆ ಕಾರಣ ಸಿಗುವುದಿಲ್ಲ, ಅವನು ಎದುರು ಪಾಳೆಯದವನು. ಭ್ರಮೆ ಅಂದರೆ ಗುಂಪಿಗೆ ಕಂಡದ್ದು, ನಂಬದಿದ್ದ ಯಾಕೋಬನಿಗೆ ಕಂಡದ್ದು, ಖಾಲಿ ಸಮಾಧಿ ಮೂರೂ ಉಳಿದುಕೊಳ್ಳುತ್ತವೆ. ಸಮಾಧಿಯ ಬಳಿ ಮೊದಲು ಹೋದವರು ಹೆಂಗಸರು. ಹೆಂಗಸರ ಸಾಕ್ಷ್ಯ ಒಪ್ಪಬಾರದು ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದ ಕಾಲ ಅದು, ಎರಡನೇ ಶತಮಾನದ ಟೀಕಾಕಾರ ಸೆಲ್ಸಸ್ ಅದನ್ನೇ ಹಿಡಿದು ಹೀಯಾಳಿಸಿದ. ಕಥೆ ಕಟ್ಟುವವನು ಮಗ್ದಲದ ಮರಿಯಳನ್ನು ಮುಂದೆ ನಿಲ್ಲಿಸುತ್ತಿರಲಿಲ್ಲ. ಇದೆಲ್ಲ ಗಣಿತದ ಸಾಧನೆಯಲ್ಲ. ಇದ್ದ ವಿವರಣೆಗಳಲ್ಲಿ ಎಲ್ಲಕ್ಕೂ ಹೊಂದುವುದು ಯಾವುದು ಅನ್ನುವ ತೂಕ. ದೇವರು ಇದ್ದಾನೆ ಅನ್ನುವುದನ್ನು ಮೊದಲೇ ಅಸಾಧ್ಯ ಅಂತ ತಳ್ಳಿಹಾಕಿದವರಿಗೆ ತೂಕ ಬೇರೆಯಾಗಿಯೇ ಕಾಣುತ್ತೆ, ಅದನ್ನೂ ಹೇಳಿಬಿಡಿ.

ಹೊರಗಿನವ
ಒಪ್ಪಿಗೆಯಾಗಲಿಲ್ಲ, ಆದರೆ ನೇರವಾಗಿದೆ. ಯಾಕೋಬನ ವಿಷಯ ಓದ್ತೇನೆ.

ಸೀಲ_ಜೊತೆಗಾರ
ಹೊರಗಿನ ಪುರಾವೆಗೆ ಮೂರೇ ಸಾಕು. ರೋಮ್ ಇತಿಹಾಸಕಾರ ಟ್ಯಾಸಿಟಸ್, ಆನಲ್ಸ್ 15.44: 64ರ ರೋಮ್ ಬೆಂಕಿ, ತಿಬೇರಿಯನ ಕಾಲದಲ್ಲಿ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆ. ರೋಮ್ ಅಧಿಪತಿ ಪ್ಲಿನಿ ಸುಮಾರು 112ರಲ್ಲಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರ: ಕ್ರೈಸ್ತರು ಬೆಳಗಾಗುವ ಮುಂಚೆ ಕೂಡಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ. ಜೋಸೆಫಸ್, ಆಂಟಿಕ್ವಿಟೀಸ್ 20.9.1: ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬನ ಕೊಲೆ. ಅದೇ ಜೋಸೆಫಸ್ ಯೇಸುವಿನ ಬಗ್ಗೆಯೇ ಹೇಳುವ 18.3.3 ಬಳಸಬೇಡಿ, ಕನಿಷ್ಠ ಮೊದಲ ಸಾಲಿನಲ್ಲಿ ಬೇಡ. ಅದರಲ್ಲಿ ಕ್ರೈಸ್ತ ಲಿಪಿಕಾರರು ಸೇರಿಸಿದ ಮಾತುಗಳಿವೆ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಪ್ರಶ್ನೆಪೆಟ್ಟಿಗೆ
1961ರ ಪಿಲಾತನ ಕಲ್ಲೂ ಹಾಕಿ. ಕೈಸರೈಯದಲ್ಲಿ ಸಿಕ್ಕಿದ್ದು, ಹೆಸರೂ ಪದವಿಯೂ ಅದರಲ್ಲಿವೆ.

ದೀಪಸ್ತಂಭ
ವಿರೋಧಾಭಾಸಗಳ ಬಗ್ಗೆ ಯಾರೂ ಹೇಳಲಿಲ್ಲ. ಪ್ರತಿಯೊಂದಕ್ಕೂ ಉತ್ತರ ಇದೆ ಅಂತ ಮಕ್ಕಳಿಗೆ ಧೈರ್ಯ ಕೊಡಬೇಕು.

ಅಂಚಿನ_ಟಿಪ್ಪಣಿ
"ಪ್ರತಿಯೊಂದಕ್ಕೂ" ಅನ್ನಬೇಡಿ. ವಿಂಗಡಿಸಿ. ಯೆರಿಕೋವಿನ ಕುರುಡರು ಮತ್ತಾಯ 20:30ರಲ್ಲಿ ಇಬ್ಬರು, ಮಾರ್ಕ 10:46ರಲ್ಲಿ ಬಾರ್ತಿಮಾಯ ಒಬ್ಬ. ಒಬ್ಬನ ಹೆಸರು ಹೇಳಿದ ಮಾತ್ರಕ್ಕೆ ಇನ್ನೊಬ್ಬ ಇರಲಿಲ್ಲ ಅಂತಲ್ಲ. ಇದು ಸುಲಭದ್ದು. ಯೆಹೂದದ ಅರಸ ಯೆಹೋಯಾಖೀನ ಪಟ್ಟಕ್ಕೆ ಬಂದಾಗ ವಯಸ್ಸು 2 ಅರಸು 24:8ರಲ್ಲಿ ಹದಿನೆಂಟು, 2 ಪೂರ್ವಕಾಲ 36:9ರ ಹೀಬ್ರೂ ಪಾಠದಲ್ಲಿ ಎಂಟು. ಇದು ನಕಲಿನಲ್ಲಿ ಬಿಟ್ಟುಹೋದ ಹತ್ತು. ಲೂಕ 2:2ರ ಕುರೇನ್ಯನ ಖಾನೇಷುಮಾರಿ ನಿಜವಾಗಿಯೂ ಕಷ್ಟದ್ದು: ಜೋಸೆಫಸ್ ಹೇಳುವ ಖಾನೇಷುಮಾರಿ ಕ್ರಿ.ಶ. 6ರದು, ಯೇಸು ಹುಟ್ಟಿದಾಗ ಅರಸನಾಗಿದ್ದ ಹೆರೋದ ಸತ್ತದ್ದು ಸಾಮಾನ್ಯ ಲೆಕ್ಕದಲ್ಲಿ ಕ್ರಿ.ಪೂ. 4. ಮುಂಚೆಯೂ ಒಂದು ಖಾನೇಷುಮಾರಿ ನಡೆದಿತ್ತು ಅನ್ನುವುದು ಒಂದು ಸಲಹೆ, ಆದರೆ ನೇರ ಪುರಾವೆ ಇಲ್ಲ.

ದೀಪಸ್ತಂಭ
ಹಾಗಾದರೆ ಲೂಕ ತಪ್ಪು ಅಂತ ಒಪ್ಪಿಕೊಳ್ಳೋದಾ?

ಅಂಚಿನ_ಟಿಪ್ಪಣಿ
ಇಲ್ಲ. ತೀರ್ಪಿಗೆ ಬೇಕಾದಷ್ಟು ದಾಖಲೆ ಕೈಯಲ್ಲಿಲ್ಲ ಅಂತ ಹೇಳೋದು. ಥೆಸಲೊನೀಕದ ಊರಧಿಕಾರಿಗಳಿಗೆ ಕೃತ್ಯಗಳನ್ನೂ ಬರೆದ ಲೂಕ 17:6ರಲ್ಲಿ ಕೊಟ್ಟ ಪದವಿಯ ಹೆಸರು ಹಳೆಯ ಗ್ರೀಕ್ ಸಾಹಿತ್ಯದಲ್ಲಿ ಹೆಚ್ಚುಕಡಿಮೆ ಸಿಗುತ್ತಿರಲಿಲ್ಲ. ಈಗ ಅದೇ ಹೆಸರಿರುವ ಶಾಸನಗಳಿವೆ, ಒಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಷ್ಟು ಎಚ್ಚರದಿಂದ ಬರೆದವನಿಗೆ ತಾಳ್ಮೆಯ ಕಾಲಾವಕಾಶ ಸಲ್ಲುತ್ತೆ. ಹುಡುಗರಿಗೆ "ಇದಕ್ಕೆ ಪೂರ್ತಿ ಉತ್ತರ ಸದ್ಯ ಇಲ್ಲ" ಅನ್ನಲು ಬಾಯಿ ಬರಬೇಕು.

ದೀಪಸ್ತಂಭ
ಆ ಮಾತು ಒಪ್ಪುತ್ತೇನೆ. ತಾಳ್ಮೆಯೂ ವಿಶ್ವಾಸವೇ.

ಪ್ರಶ್ನೆಪೆಟ್ಟಿಗೆ
ಸ್ವಲ್ಪ ದಾರಿ ತಪ್ಪುತ್ತಿದ್ದೇನೆ. ಹೊರಗಿನವರ ಪ್ರಶ್ನೆಗೆ ಇಷ್ಟು ಸಿದ್ಧತೆ, ಪ್ರಸಂಗಪೀಠದಿಂದಲೇ ಬರುವ ತಪ್ಪಿಗೆ? ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭ ಅಂತ ಯೇಸು ಹೇಳಿದ ಮಾತಿನಲ್ಲಿ ಸೂಜಿಯ ಕಣ್ಣು ಅಂದರೆ ಯೆರೂಸಲೇಮಿನ ಒಂದು ಚಿಕ್ಕ ಬಾಗಿಲು ಅಂತ ಎಷ್ಟು ಕಡೆ ಹೇಳ್ತಾರೆ!

ಬೆರೋಯ_ಓದುಗ
ದಾರಿ ತಪ್ಪಿಲ್ಲ, ಇದೇ ಮುಖ್ಯ. ಮೊದಲ ಶತಮಾನದಲ್ಲಿ ಹಾಗೊಂದು ಬಾಗಿಲಿತ್ತು ಅನ್ನಲು ಆಧಾರ ಇಲ್ಲ. ಮಾರ್ಕ 10:27ರಲ್ಲಿ ಯೇಸು ಮನುಷ್ಯರಿಗೆ ಅದು ಅಸಾಧ್ಯ ಅನ್ನುತ್ತಾನೆ, ಮಂಡಿಯೂರಿ ಹೋದರೆ ಸಾಧ್ಯ ಅನ್ನಲಿಲ್ಲ. ಒಳ್ಳೆಯ ಭವಿಷ್ಯ ಕೊಡುತ್ತೇನೆ ಅನ್ನುವ ಯೆರೆಮೀಯ 29:11 ಗೋಡೆ ಗೋಡೆಗೆ ತೂಗುಹಾಕ್ತಾರೆ, ಹಿಂದಿನ ವಚನ ಓದಲ್ಲ: ಬಾಬೆಲಿನಲ್ಲಿ ಎಪ್ಪತ್ತು ವರುಷ. ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಮಂದಿ ಅಲ್ಲೇ ಸತ್ತರು. ಈ ವರ್ಷವೇ ಕೆಲಸ, ಮನೆ, ಆರೋಗ್ಯ ಸಿಗುತ್ತೆ ಅನ್ನುವ ವಾಗ್ದಾನ ಅದಲ್ಲ. ಹಾಗೆ ಕಲಿಸಿದ ಹುಡುಗ ವಿಶ್ವಾಸ ಬಿಟ್ಟರೆ ಅವನು ಬಿಟ್ಟದ್ದು ಸತ್ಯವೇದ ಕೊಡದ ವಾಗ್ದಾನವನ್ನು. ಒಂದು ವಾರ ಇದಕ್ಕೇ ಇಡಿ: ಹತ್ತು ಜನಪ್ರಿಯ ವಚನ, ಪ್ರತಿಯೊಂದರ ಹಿಂದೆ ಮುಂದೆ ಹತ್ತತ್ತು ವಚನ ಓದಿಸಿ, ಯಾರು ಯಾರಿಗೆ ಯಾವಾಗ ಹೇಳಿದ್ದು ಅಂತ ಬರೆಸಿ.

ತೀಮೊಥಿ_ಪಾಠ
ಹೀಗೆ ಜೋಡಿಸಿದೆ: 1 ಹಸ್ತಪ್ರತಿ, 2 ನಕಲಿನ ಅಭ್ಯಾಸ ಮತ್ತು ಮೂರು ದೊಡ್ಡ ಪಾಠಭೇದ, 3 ಪುಸ್ತಕಗಳ ಪಟ್ಟಿ, 4 ಹೊರಗಿನ ಪುರಾವೆ, 5-6 ಪುನರುತ್ಥಾನ, 7 ಕಷ್ಟದ ಭಾಗಗಳು, 8 ಹಿನ್ನೆಲೆಯೊಳಗೆ ವಚನ ಓದುವುದು. ಮಾತಾಡುವ ರೀತಿಗೆ ಜಾಗವೇ ಉಳಿಯಲಿಲ್ಲ.

ಸೀಲ_ಜೊತೆಗಾರ
8ನ್ನು ಮೊದಲಿಗೆ ತನ್ನಿ, ಉಳಿದ ಏಳಕ್ಕೂ ಅದೇ ಅಡಿಪಾಯ. ಮಾತಾಡುವ ರೀತಿಗೆ ಬೇರೆ ವಾರ ಬೇಡ, ಪ್ರತಿ ವಾರ ಕೊನೆಯ 15 ನಿಮಿಷ ಜೋಡಿ ಅಭ್ಯಾಸ ಇಡಿ. ಒಬ್ಬ ಆಕ್ಷೇಪ ಎತ್ತಲಿ, ಅರ್ಧ ಮನಸ್ಸಿನಿಂದಲ್ಲ, ಗಟ್ಟಿಯಾಗಿ. ಇನ್ನೊಬ್ಬ ಉತ್ತರ ಕೊಡುವ ಮುಂಚೆ ಆ ಆಕ್ಷೇಪವನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು, ಎದುರಿನವನು "ಹೌದು, ನಾನು ಹೇಳಿದ್ದು ಅದೇ" ಅಂದ ಮೇಲಷ್ಟೇ ಉತ್ತರ. ಉತ್ತರ ಎರಡು ನಿಮಿಷ ಮೀರಬಾರದು. 1 ಪೇತ್ರ 3:15ರಲ್ಲಿ ಸಿದ್ಧರಾಗಿರಿ ಅನ್ನುವ ಆಜ್ಞೆಯನ್ನೇ ಬಾಯಿಪಾಠ ಮಾಡಿಸ್ತೇವೆ, ಸಾತ್ವಿಕತ್ವದಿಂದ ಅನ್ನುವ ತುದಿಯನ್ನು ಬಿಡ್ತೇವೆ. ಪೇತ್ರ ಅದನ್ನು ಬರೆದದ್ದು ಹಿಂಸೆ ಅನುಭವಿಸುತ್ತಿದ್ದವರಿಗೆ.

ಪ್ರಶ್ನೆಪೆಟ್ಟಿಗೆ
ಮಾರ್ಕ 16ರ ಕೊನೆಯ ಭಾಗದಿಂದ ಇನ್ನು ಪ್ರಸಂಗ ಮಾಡಬಾರದಾ ಅಂತ ಯಾರಾದರೂ ಕೇಳೇ ಕೇಳ್ತಾರೆ, ಸಿದ್ಧವಾಗಿರಿ.

ಅಂಚಿನ_ಟಿಪ್ಪಣಿ
ಉತ್ತರ ಹೀಗೆ ಇರಲಿ: ಅಲ್ಲಿ ಬರುವುದರಲ್ಲಿ ಹೆಚ್ಚಿನದು ಬೇರೆ ಸುವಾರ್ತೆಗಳಲ್ಲೂ ಕೃತ್ಯಗಳಲ್ಲೂ ಇದೆ, ಅದನ್ನು ಅಲ್ಲಿಂದ ಸಾರಿ. ಅಲ್ಲಿ ಮಾತ್ರ ಇರುವುದರ ಮೇಲೆ, ಹಾವು ಎತ್ತುವುದು, ವಿಷ ಕುಡಿಯುವುದು, ಯಾವ ಬೋಧನೆಯನ್ನೂ ಕಟ್ಟಬೇಡಿ. 16:18 ಹಿಡಿದು ಹಾವು ಎತ್ತಿ ಸತ್ತವರಿದ್ದಾರೆ.